ಹಲಗೆಯಡಿಯ ಹೊಂಗೆ ಎಣ್ಣೆ

ಅಡುಗೆಮನೆಯ ಮೇಜಿಗೆ ಎಣ್ಣೆ ಹಚ್ಚುವುದೂ ಒಂದು ಉದ್ಯೋಗವೇ ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ಹೆಣ್ಣು ನೋಡಲು ಹೋದಾಗ ಮಾವನಾಗಲಿದ್ದವರೂ ಕೇಳಿದ್ದರು. ಬಡಗಿ ಕೆಲಸ ಎಂದಷ್ಟೇ ಹೇಳಿ ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದ್ದೆ. ಸುಳ್ಳೇನಲ್ಲ. ಆದರೆ ಇಡೀ ಜೀವಮಾನದಲ್ಲಿ ನಾನು ಬಾಗಿಲು ಕಿಟಕಿ ಮಾಡಿದ್ದಕ್ಕಿಂತ ಹೋಟೆಲು, ಹಾಸ್ಟೆಲು, ಕ್ಯಾಂಟೀನುಗಳ ಅಡುಗೆ ಮೇಜುಗಳನ್ನು ಉಜ್ಜಿ, ಒಣಗಿಸಿ, ಎಣ್ಣೆ ಕುಡಿಸಿದ್ದೇ ಹೆಚ್ಚು.

ಈಗ ಕಲ್ಲು, ಸ್ಟೀಲು ಸಾಕಾಗಿ ಮತ್ತೆ ಮರದ ಕಟ್ಟೆಯೇ ಬೇಕು ಎನ್ನುವವರು ಬಂದಿದ್ದಾರೆ. ನಮ್ಮ ಬೀದಿಯ ಇಬ್ಬರು ಬಡಗಿಗಳು ಆ ಕೆಲಸ ಹಿಡಿದು, ಹೇಗೆ ಮಾಡೋದು ಹೇಳಿಕೊಡಿ ಎಂದು ಬಂದರು. ಎಣ್ಣೆ ಹಚ್ಚುವ ಕ್ರಮ ಹೇಳಲು ಅರ್ಧ ಗಂಟೆ ಸಾಕು. ಕೆಲಸ ನಿಜವಾಗಿ ಹೇಗಿತ್ತು ಎಂದು ಹೇಳಬೇಕಾದರೆ ಸಿದ್ದಮ್ಮನವರ ವಿಷಯ ಹೇಳಬೇಕು. ನನ್ನ ತಪ್ಪಿನಿಂದ ಆ ಹೆಂಗಸಿನ ಕೈಗೆ ಕೆಟ್ಟ ಹೆಸರು ಬಂತು. ಅವರ ಕೆಲಸ, ಕೆಲಸದ ಜೊತೆಗೆ ತಲೆಯ ಮೇಲಿನ ಸೂರು, ಎರಡೂ ಹೋಗುವ ಹಂತಕ್ಕೆ ಬಂದಿತ್ತು. ಅದನ್ನು ಬಚ್ಚಿಟ್ಟು ಬರೀ ಎಣ್ಣೆಯ ಪಾಠ ಮಾಡಿದರೆ ಮೋಸವಾಗುತ್ತದೆ.

ನಾನು ಕೆಲಸ ಕಲಿತದ್ದು ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ಕಾಳಪ್ಪ ಮೇಸ್ತ್ರಿಗಳ ಕೈಕೆಳಗೆ. ಮೇಸ್ತ್ರಿಗಳು ಬೈಯುವುದರಲ್ಲಿ ಪಂಡಿತರು, ಹೊಗಳುವುದರಲ್ಲಿ ಮೂಗರು. ಒಂದು ಮೇಜನ್ನು ಮುಟ್ಟುವ ಮೊದಲು ಅದರ ಮೇಲೆ ಏನು ಮಾಡುತ್ತಾರೆ ಎಂದು ಕೇಳಬೇಕು ಎಂಬುದು ಅವರು ಹೇಳಿಕೊಟ್ಟ ಮೊದಲ ಪಾಠ. ತರಕಾರಿ ಹೆಚ್ಚುವ ಮೇಜು ಬೇರೆ, ಹಿಟ್ಟು ನಾದುವ ಮೇಜು ಬೇರೆ, ಬಿಸಿ ಪಾತ್ರೆ ಇಳಿಸುವ ಮೇಜು ಬೇರೆ. ಎರಡನೆಯ ಪಾಠ ಎಣ್ಣೆಯದು. ಮರಕ್ಕೆ ಅಗಸೆ ಎಣ್ಣೆಯೇ ಆಗಬೇಕು. ಅದು ಮರದೊಳಗೆ ಇಳಿದು ಒಣಗಿ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಎಷ್ಟು ದಿನ ಬಿಟ್ಟರೂ ಒಣಗುವುದಿಲ್ಲ, ಒಳಗೇ ಕೂತು ಹಳಸುತ್ತವೆ.

ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ದುರ್ಗಿಗುಡಿಯ ಒಬ್ಬ ಹೋಟೆಲ್ ಯಜಮಾನರು ಅಗಸೆ ಎಣ್ಣೆಯ ವಾಸನೆ ತಮಗಾಗದು ಎಂದು ಹಟ ಹಿಡಿದು, ಮನೆಯಿಂದ ಶುದ್ಧ ಕೊಬ್ಬರಿ ಎಣ್ಣೆ ತಂದು ತಾವೇ ಮುಂದೆ ನಿಂತು ಹಚ್ಚಿಸಿದರು. ತಲೆಗೆ ಹಚ್ಚಿದರೆ ಕೂದಲು ಬೆಳೆಯುತ್ತದೆ, ಮೇಜಿಗೆ ಹಚ್ಚಿದರೆ ಏನು ಕೆಡುತ್ತದೆ ಎಂಬುದು ಅವರ ವಾದ. ಹದಿನೈದು ದಿನಕ್ಕೆ ಆ ಮೇಜು ಕಮಟು ನಾತ ಹೊಡೆಯತೊಡಗಿತು. ವಡೆಗೂ ಅದೇ ನಾತ. ಯಜಮಾನರು ಮೇಜನ್ನು ಬಿಟ್ಟು ತೆಂಗಿನಕಾಯಿ ಮಾರುವವನ ಜೊತೆ ಜಗಳಕ್ಕೆ ನಿಂತರು. ನಾವು ಬಿಸಿನೀರು, ಬೂದಿ ಹಾಕಿ ಮೂರು ಸಲ ಉಜ್ಜಿದರೂ ಹೋಗಲಿಲ್ಲ. ಕೊನೆಗೆ ಮೇಲ್ಪದರವನ್ನೇ ಕೀಸಿ ತೆಗೆಯಬೇಕಾಯಿತು.

ಮರ ಆರಿಸುವುದರಲ್ಲೂ ಎಡವಿದ್ದುಂಟು. ಒಂದು ಹಾಸ್ಟೆಲಿನ ಹಿಟ್ಟಿನ ಮೇಜಿಗೆ ಸಾಗುವಾನಿ ಸಿಗದೆ ಹೊನ್ನೆ ಮರದ ಹಲಗೆ ಜೋಡಿಸಿದ್ದೆ. ಹೊನ್ನೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ಹಿಟ್ಟೆಲ್ಲ ಕೆಂಪು ಹಳದಿಯಾಯಿತು. ಹುಡುಗರು ಕೇಸರಿ ಹಾಕಿದ್ದಾರೆಂದು ಮೂರು ದಿನ ಖುಷಿಯಾಗಿ ಪೂರಿ ತಿಂದರು. ನಾಲ್ಕನೆಯ ದಿನ ವಾರ್ಡನ್ನರು, ಬಡ ಹಾಸ್ಟೆಲಿನಲ್ಲಿ ಕೇಸರಿ ಎಲ್ಲಿಂದ ಬಂತು ಎಂದು ಅಡುಗೆಯವರನ್ನು ಹಿಡಿದುಕೊಂಡರು. ಮೇಸ್ತ್ರಿಗಳು ಹೋಗಿ ಸಮಾಧಾನ ಮಾಡಿ ಬಂದು, ದಾರಿಯುದ್ದಕ್ಕೂ ನನ್ನ ಜನ್ಮ ಜಾಲಾಡಿದರು. ಎಣ್ಣೆ ಒರೆಸಿದ ಬಟ್ಟೆಗಳನ್ನು ನಾನು ಮುದ್ದೆ ಮಾಡಿ ಬುಟ್ಟಿಗೆ ತುಂಬಿಟ್ಟು, ಅವು ಮಧ್ಯಾಹ್ನ ತಾವಾಗಿಯೇ ಹೊಗೆಯಾಡಿದ್ದು ಇನ್ನೊಂದು ಕಥೆ. ಅಗಸೆ ಎಣ್ಣೆಯ ಬಟ್ಟೆ ಒಳಗೊಳಗೇ ಕಾದು ಬೆಂಕಿ ಹಿಡಿಯುತ್ತದೆ. ಹಗ್ಗದ ಮೇಲೆ ಹರವಿ ಒಣಗಿಸಿ. ಇದೊಂದನ್ನು ಮರೆಯಬೇಡಿ.

ಇಷ್ಟೆಲ್ಲ ಬೈಗುಳ ತಿಂದ ಮೇಲೆ ಮನುಷ್ಯನಿಗೆ ಬುದ್ಧಿ ಬರಬೇಕು. ನನಗೆ ಬಂದದ್ದು ಜಂಬ. ಅಡುಗೆಮನೆಯ ಮರದ ವಿಷಯದಲ್ಲಿ ಶಿವಮೊಗ್ಗದಲ್ಲೇ ನನ್ನಷ್ಟು ತಿಳಿದವನಿಲ್ಲ ಎಂದು ನಂಬಿಕೊಂಡಿದ್ದೆ.

ಆ ಹೊತ್ತಿಗೆ ಮೇಸ್ತ್ರಿಗಳಿಗೆ ಭದ್ರಾವತಿಯ ಒಂದು ಕಾರ್ಖಾನೆಯ ಕ್ಯಾಂಟೀನಿನ ಕೆಲಸ ಸಿಕ್ಕಿತು. ತಿಂಗಳಿಗೊಂದು ಸಲ ನಾನು ರೈಲಿನಲ್ಲಿ ಹೋಗಿ ಅಲ್ಲಿನ ಮೇಜುಗಳನ್ನು ನೋಡಿಕೊಳ್ಳಬೇಕು. ಶನಿವಾರ ಸಂಜೆ ಉಜ್ಜಿ ಒರೆಸಿ ಎಣ್ಣೆ ಹಚ್ಚಿದರೆ, ಭಾನುವಾರ ಅಡುಗೆ ಇಲ್ಲದ್ದರಿಂದ ಸೋಮವಾರದವರೆಗೆ ಮೇಜಿಗೆ ವಿಶ್ರಾಂತಿ. ಆ ಕಾರ್ಖಾನೆಯಲ್ಲಿ ಒಬ್ಬ ಕಾಯಂ ಬಡಗಿಯ ಜಾಗ ಖಾಲಿಯಿತ್ತು. ಕ್ಯಾಂಟೀನಿನ ಸೂಪರ್‌ವೈಸರ್ ನಂಜುಂಡಯ್ಯನವರು ನನ್ನ ಕೆಲಸ ಮೆಚ್ಚಿ, ನಿನ್ನ ಹೆಸರು ಬರೆದು ಕಳಿಸುತ್ತೇನೆ ಎಂದಿದ್ದರು. ನಾನು ಆಗಲೇ ಕ್ವಾರ್ಟರ್ಸಿನ ಯಾವ ಸಾಲಿನ ಮನೆ ಒಳ್ಳೆಯದು ಎಂದು ವಿಚಾರಿಸತೊಡಗಿದ್ದೆ.

ಅಕ್ಕಿಗೆ ತತ್ವಾರ ಬಂದು ರೇಷನ್ನಿನಲ್ಲಿ ಗೋಧಿ ಕೊಡುತ್ತಿದ್ದ ಕಾಲ ಅದು. ಅನ್ನ ಮುದ್ದೆ ಬಿಟ್ಟು ಬೇರೆ ಕಂಡರಿಯದ ಕೆಲಸಗಾರರು ಚಪಾತಿಯನ್ನು ಚರ್ಮದ ಹಾಗೆ ಎಳೆದು ಎಳೆದು ತಿನ್ನುತ್ತಿದ್ದರು. ಅವರಿಗೆ ಚಪಾತಿ ರೂಢಿ ಮಾಡಿಸಿದ್ದು ಸಿದ್ದಮ್ಮ. ಅವರ ಗಂಡ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು, ಕಾಯಿಲೆಯಿಂದ ತೀರಿಕೊಂಡಿದ್ದರು. ಅವರ ಬದಲಿಗೆ ಇವರಿಗೆ ಕ್ಯಾಂಟೀನಿನಲ್ಲಿ ಕೆಲಸ, ಇರಲು ಅದೇ ಕ್ವಾರ್ಟರ್ಸು. ಮನೆಯಲ್ಲಿ ಮುದಿ ಅತ್ತೆ ಬಿಟ್ಟರೆ ಇನ್ನಾರಿಲ್ಲ. ನಲವತ್ತರ ಆಸುಪಾಸು, ಮಾತು ಕಡಿಮೆ. ಚಪಾತಿ ಮಾತ್ರ ಹೂವಿನ ಹಾಗೆ ಬರುತ್ತಿತ್ತು. ತಮಿಳಿನವರು, ತೆಲುಗಿನವರು, ನಮ್ಮವರು ಎಲ್ಲರೂ ಸಾಲಿನಲ್ಲಿ ನಿಂತು ಸಿದ್ದಮ್ಮನ ಚಪಾತಿಯೇ ಬೇಕು ಎಂದು ಕೇಳುತ್ತಿದ್ದರು.

ಅಲ್ಲಿ ಲಟ್ಟಿಸುವ ಮೇಜು ಎರಡಿದ್ದವು. ಒಂದು ಸಿದ್ದಮ್ಮನವರದು, ಇನ್ನೊಂದು ಮುನಿಯಮ್ಮ ಎಂಬವರದು. ಒಬ್ಬರ ಮೇಜಿನ ಮೇಲೆ ಇನ್ನೊಬ್ಬರು ಕೈ ಇಡುವಂತಿರಲಿಲ್ಲ. ಯಾರೂ ಬರೆದಿಟ್ಟ ಕಾಯಿದೆಯಲ್ಲ, ಆ ಹೆಂಗಸರೇ ಮಾಡಿಕೊಂಡ ಪದ್ಧತಿ. ಬೆಳಿಗ್ಗೆ ಬಂದವರೇ ತಮ್ಮ ತಮ್ಮ ಮೇಜಿಗೆ ಕೈಮುಗಿದು ಹಿಟ್ಟು ಹಾಕುತ್ತಿದ್ದರು. ಒಬ್ಬರು ರಜ ಹಾಕಿದರೆ ಅವರ ಮೇಜು ಆ ದಿನ ಖಾಲಿ. ಈ ಪದ್ಧತಿ ನೆನಪಿಡಿ, ಮುಂದೆ ಆದ ಅನಾಹುತಕ್ಕೆ ಇದೂ ಕಾರಣ.

ಒಂದು ತಿಂಗಳು ಹೋದಾಗ ಸಿದ್ದಮ್ಮನವರ ಮೇಜಿನ ಕೆಳಗೆ ನೆಲದ ಮೇಲೆ ಸಣ್ಣ ಹುಡಿ ಬಿದ್ದಿತ್ತು. ಬಗ್ಗಿ ನೋಡಿದರೆ ಮಾವಿನ ಹಲಗೆಯ ಅಡಿಯಲ್ಲಿ ಕುಟ್ಟೆ ಹುಳು ಕೊರೆದ ತೂತುಗಳು. ಹುಳಕ್ಕೆ ನಮ್ಮ ಕಡೆಯ ಔಷಧ ಹೊಂಗೆ ಎಣ್ಣೆ. ಗಾಡಿಗೆ, ಹೊಸ್ತಿಲಿಗೆ, ಮಂಚದ ಕಾಲಿಗೆ ಎಲ್ಲದಕ್ಕೂ ಅದೇ. ಬಾಯಿಗಿಟ್ಟರೆ ವಿಷದಂಥ ಕಹಿ, ಅದಕ್ಕೇ ಹುಳು ಹತ್ತಿರ ಸುಳಿಯುವುದಿಲ್ಲ. ಅಡುಗೆ ಮೇಜಿಗೆ ಹೊಂಗೆ ಮುಟ್ಟಿಸಬಾರದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಾನು ಹಚ್ಚುವುದು ಹಲಗೆಯ ಕೆಳಬದಿಗೆ ತಾನೇ, ಅಡಿಯಲ್ಲಿ ಯಾರು ಊಟ ಮಾಡುತ್ತಾರೆ ಎಂದುಕೊಂಡೆ. ಹಲಗೆಯ ಅಡಿಗೆ ಧಾರಾಳವಾಗಿ ಹೊಂಗೆ ಬಳಿದು, ತೂತುಗಳಿಗೆ ಬತ್ತಿಯಿಂದ ಕುಡಿಸಿ, ಮೇಲ್ಗಡೆಗೆ ಎಂದಿನಂತೆ ಅಗಸೆ ಎಣ್ಣೆ ಸವರಿ, ಕೈತೊಳೆದು ರೈಲು ಹತ್ತಿದೆ.

ಆ ಮೇಜು ದೊಡ್ಡ ಒಲೆಯ ಪಕ್ಕದಲ್ಲಿತ್ತು. ದಿನವಿಡೀ ಕಾವು. ಕಾವಿಗೆ ತೆಳುವಾದ ಹೊಂಗೆ ಎಣ್ಣೆ ಹುಳು ಕೊರೆದ ದಾರಿಯಲ್ಲೇ ಮೆಲ್ಲಗೆ ಮೇಲೇರಿತು. ಹತ್ತು ಹನ್ನೆರಡು ದಿನದಲ್ಲಿ ಸಿದ್ದಮ್ಮನವರ ಚಪಾತಿ ಕಹಿಯಾಗತೊಡಗಿತು.

ಮೊದಲು ಎಲ್ಲರೂ ಗೋಧಿಯನ್ನು ಬೈದರು. ಆದರೆ ಒಂದೇ ಹಿಟ್ಟನ್ನು ಒಬ್ಬನೇ ಆಳು ನಾದಿ ಎರಡು ಪಾಲು ಮಾಡಿ ಇಬ್ಬರಿಗೂ ಕೊಡುತ್ತಿದ್ದದ್ದು. ಮುನಿಯಮ್ಮನ ಚಪಾತಿಯಲ್ಲಿ ಕಹಿ ಇಲ್ಲ, ಸಿದ್ದಮ್ಮನ ಚಪಾತಿಯಲ್ಲಿ ಇದೆ. ಹಾಗಾದರೆ ತಪ್ಪು ಕೈಯದೇ ಎಂದು ತೀರ್ಮಾನವಾಯಿತು. ಕೆಲವರ ಕೈಯೇ ಒಂದು ವಯಸ್ಸಿಗೆ ಕಹಿಯಾಗುತ್ತದೆ ಎಂದು ಯಾರೋ ಅಂದರಂತೆ. ಸಾಲಿನಲ್ಲಿ ನಿಂತವರು ಈಗ ಸಿದ್ದಮ್ಮನದು ಬೇಡ ಎನ್ನತೊಡಗಿದರು. ಸಿದ್ದಮ್ಮ ಒಂದು ದಿನ ಹೆದರುತ್ತಾ, ಮೇಜಿನ ಹತ್ತಿರ ಏನೋ ವಾಸನೆ ಬಂದಂತಾಗುತ್ತದೆ ಎಂದದ್ದಕ್ಕೆ ನಂಜುಂಡಯ್ಯನವರು, ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ ಎಂದು ಎಲ್ಲರೆದುರು ಹೇಳಿ ನಗಿಸಿದರಂತೆ. ಪಾಪ, ಇಲ್ಲಿ ನೆಲವೇ ಡೊಂಕಾಗಿತ್ತು. ಡೊಂಕು ಮಾಡಿದ ನಾನು ಶಿವಮೊಗ್ಗದಲ್ಲಿ ಕಾಲು ಚಾಚಿ ಮಲಗಿದ್ದೆ.

ಮುಂದಿನ ತಿಂಗಳು ನಾನು ಹೋದಾಗ ಇದಾವುದೂ ಗೊತ್ತಿರಲಿಲ್ಲ. ಸಿದ್ದಮ್ಮ ತಮ್ಮ ಮೇಜಿನ ಪಕ್ಕ ನಿಂತು ಕಾಯುತ್ತಿದ್ದರು. ಎರಡೂ ಅಂಗೈ ಕೆಂಪಗೆ ಬಿರಿದು ಹೋಗಿದ್ದವು. ದಿನಕ್ಕೆ ಹತ್ತು ಸಲ ಹುಣಸೆಹಣ್ಣು, ನಿಂಬೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದರಂತೆ.

"ಮಂಜಣ್ಣ, ಮರಕ್ಕೆ ಇಷ್ಟೆಲ್ಲ ಎಣ್ಣೆ ಗೊತ್ತು ನಿನಗೆ. ಕೈ ಕಹಿ ಹೋಗೋಕೆ ಯಾವ್ದಾದ್ರೂ ಎಣ್ಣೆ ಇದ್ರೆ ಹೇಳಪ್ಪ," ಎಂದು ಕೇಳಿದರು. ಬರುವ ವಾರ ಸರಿಹೋಗದಿದ್ದರೆ ಕೆಲಸದಿಂದ ತೆಗೆಯುತ್ತಾರಂತೆ, ಕೆಲಸ ಹೋದರೆ ಕ್ವಾರ್ಟರ್ಸು ಬಿಡಬೇಕು, ಮುದುಕಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಎಂದರು.

ನಾನು ಏನೋ ಹೇಳುತ್ತಾ ಬಿಸಿನೀರಿನ ಬಟ್ಟೆಯಿಂದ ಮೇಜು ಒರೆಸಿದೆ. ಬಿಸಿಗೆ ಹೊಂಗೆಯ ವಾಸನೆ ಮೂಗಿಗೆ ಬಡಿಯಿತು. ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡೆ. ಅದೇ ಕಹಿ. ನಾನು ಅಡಿಯಲ್ಲಿ ಬಳಿದದ್ದೇ ಮೇಲೆ ಬಂದಿತ್ತು. ಆ ಕ್ಷಣವೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಕಾಯಂ ಜಾಗ, ಕ್ವಾರ್ಟರ್ಸಿನ ಸಾಲು, ಎಲ್ಲ ಕಣ್ಣೆದುರು ಬಂತು. ಮೇಜಿಗೆ ಏನೋ ರಿಪೇರಿ ಇದೆ, ಮತ್ತೆ ಬರ್ತೀನಿ ಅಕ್ಕ ಎಂದು ಹೇಳಿ ಓಡಿಬಂದೆ. ಇವತ್ತಿಗೂ ಆ ಒಂದು ದಿನ ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಕೋಟೆಗೆ ಬಂದು ಮೇಸ್ತ್ರಿಗಳಿಗೆ ಎಲ್ಲ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ, ಅವರು ಬೈಯಲಿಲ್ಲ. ಅದರಿಂದಲೇ ಹೆಚ್ಚು ಭಯವಾಯಿತು. ನಾನೇ ಉಪಾಯ ಹೇಳಿದೆ: ನಾಳೆ ಭಾನುವಾರ ಯಾರೂ ಇಲ್ಲದಾಗ ಹಲಗೆ ಬದಲಾಯಿಸಿಬಿಡೋಣ, ಹಳೆಯದಾಗಿತ್ತು ಅಂದರಾಯಿತು, ಸೋಮವಾರದಿಂದ ಚಪಾತಿ ಸರಿಯಾಗುತ್ತದೆ, ಸಿದ್ದಮ್ಮನ ಕೆಲಸವೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ.

ಮೇಸ್ತ್ರಿಗಳು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೂತರು. "ಹಲಗೆ ಬದಲಾಯಿಸಿದ್ರೆ ಚಪಾತಿ ಸರಿಯಾಗುತ್ತೆ ಮಾರಾಯ. ಆ ಹೆಂಗ್ಸಿನ ಹೆಸ್ರು ಸರಿಯಾಗುತ್ತಾ?"

ಅವರೇ ಎದ್ದು ಮರ ಕೀಸುವ ಉಜ್ಜುಗೊರಡನ್ನು ಚೀಲಕ್ಕೆ ಹಾಕಿಕೊಂಡು, ಸೋಮವಾರ ಮೊದಲ ರೈಲಿಗೆ ನಾನೂ ಬರುತ್ತೇನೆ ಎಂದರು.

ಸೋಮವಾರ ಬೆಳಗಿನ ತಿಂಡಿ ಮುಗಿದ ಹೊತ್ತು. ಅಡುಗೆಮನೆಯಲ್ಲಿ ಎಲ್ಲರೂ ಇದ್ದರು. ನಂಜುಂಡಯ್ಯನವರ ಎದುರು ನಿಂತು, ತಪ್ಪು ನನ್ನದು ಸಾರ್, ಹಲಗೆಯ ಅಡಿಗೆ ಹೊಂಗೆ ಹಚ್ಚಿದ್ದೆ, ಅದು ಮೇಲಕ್ಕೆ ಬಂದಿದೆ, ಅಕ್ಕನ ಕೈಯದು ಏನೂ ತಪ್ಪಿಲ್ಲ ಎಂದು ಹೇಳಿದೆ. ಅವರು ನಂಬಲಿಲ್ಲ. ಕೆಳಗೆ ಹಚ್ಚಿದ್ದು ಮೇಲೆ ಬರುವುದುಂಟೇ, ಈ ಹೆಂಗಸು ಅತ್ತು ನಿನ್ನನ್ನು ಒಪ್ಪಿಸಿದ್ದಾಳೆ ಎಂದರು. ಕಾಳಪ್ಪ ಮೇಸ್ತ್ರಿಗಳು ಉಜ್ಜುಗೊರಡು ತೆಗೆದು ಸಿದ್ದಮ್ಮನವರ ಮೇಜಿನ ಮೇಲೆ ಒಂದು ಸಲ ಎಳೆದರು. ಎದ್ದ ತೆಳ್ಳನೆಯ ಸುರುಳಿಯನ್ನು ಎರಡು ತುಂಡು ಮಾಡಿ, ಒಂದನ್ನು ತಾವು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಸೂಪರ್‌ವೈಸರಿಗೆ ಚಾಚಿದರು.

"ಅಗಿದು ನೋಡಿ ಸ್ವಾಮಿ. ಇದನ್ನ ಯಾರ ಕೈಯೂ ಲಟ್ಟಿಸಿಲ್ಲ."

ನಂಜುಂಡಯ್ಯನವರು ಅಗಿದರು. ಅವರ ಮುಖ ಹುಳ್ಳಗಾಯಿತು, ಬಚ್ಚಲಿಗೆ ಓಡಿದರು. ಯಾರೂ ನಗಲಿಲ್ಲ. ನನಗೆ ಅವರ ಮೇಲೆ ದ್ವೇಷವಿಲ್ಲ. ಅವರ ಮೇಲೂ ಅಧಿಕಾರಿಗಳಿದ್ದರು, ದಿನವೂ ದೂರು ಕೇಳಿ ಕೇಳಿ ಸಾಕಾಗಿತ್ತು. ವಾಪಸ್ ಬಂದು ಸಿದ್ದಮ್ಮನವರಿಗೆ, ಹಲಗೆ ಸರಿಯಾದ ಕೂಡಲೇ ಎಂದಿನಂತೆ ಲಟ್ಟಿಸಮ್ಮ, ನಾನು ಆಡಿದ ಮಾತು ಮರೆತುಬಿಡು ಎಂದರು. ಸೂಪರ್‌ವೈಸರೊಬ್ಬರು ಅಷ್ಟು ಹೇಳುವುದು ಆ ಕಾಲಕ್ಕೆ ಸಣ್ಣ ವಿಷಯವಲ್ಲ. ನನ್ನ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ಕಾಯಂ ಜಾಗ ಬೇರೊಬ್ಬನಿಗೆ ಹೋಯಿತು. ಮಾಡಿದ್ದುಣ್ಣೋ ಮಾರಾಯ ಎಂದು ಮೇಸ್ತ್ರಿಗಳು ರೈಲಿನಲ್ಲಿ ಹೇಳಿ, ತಮ್ಮ ಪಾಲಿನ ಬಾಳೆಹಣ್ಣನ್ನೂ ನನಗೇ ಕೊಟ್ಟರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಹಳೆಯ ಹಲಗೆ ಕಿತ್ತು ಸಾಗುವಾನಿಯದು ಹಾಕಿದೆವು. ಸಂದು ಬಿಡದೆ ಜೋಡಿಸಿ, ಮೇಲೂ ಕೆಳಗೂ ಅಗಸೆ ಎಣ್ಣೆಯನ್ನೇ ತೆಳ್ಳಗೆ ಮೂರು ಸಲ, ಒಂದು ಒಣಗಿದ ಮೇಲೆ ಇನ್ನೊಂದು ಹಚ್ಚಿದೆ. ಮೇಜು ಸಿದ್ಧವಾಗಲು ಮೂರು ವಾರ ಹಿಡಿಯಿತು. ಆದರೆ ಸಿದ್ದಮ್ಮ ಅದರ ಮುಂದೆ ನಿಲ್ಲಲಿಲ್ಲ. ತರಕಾರಿ ಹೆಚ್ಚುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು, ಹಿಟ್ಟು ಮಾತ್ರ ಮುಟ್ಟುತ್ತಿರಲಿಲ್ಲ. ಲಟ್ಟಿಸು ಎಂದು ಹೇಳಿದವರಿಗೆಲ್ಲ, ಆಗಲಿ ಎಂದು ಹೇಳಿ ಬೇರೆ ಕೆಲಸ ಹಿಡಿಯುತ್ತಿದ್ದರು. ಅವರ ಮೇಜಿಗೆ ಬೇರೆಯವರು ಕೈ ಇಡುವಂತಿಲ್ಲವಲ್ಲ, ಅದು ಖಾಲಿ ನಿಂತಿತ್ತು. ನಂಜುಂಡಯ್ಯನವರು ಎಷ್ಟು ದಿನ ಸುಮ್ಮನಿದ್ದಾರು? ಲಟ್ಟಿಸುವವಳು ಬೇಕೇ ಬೇಕು, ಈ ತಿಂಗಳೊಳಗೆ ಅವಳು ನಿಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ನೋವಿನಿಂದಲೇ ಹೇಳಿದರು.

ಸಿದ್ದಮ್ಮನವರ ಅತ್ತೆ ಒಂದು ದಿನ ಕ್ಯಾಂಟೀನಿನ ಬಾಗಿಲಿಗೇ ಬಂದು ನನ್ನನ್ನು ಕರೆದರು. ಸೊಸೆ ಮನೆಯಲ್ಲೂ ಒಲೆ ಮುಟ್ಟುವುದನ್ನು ಬಿಟ್ಟಿದ್ದಾಳೆ, ಈ ವಯಸ್ಸಿನಲ್ಲಿ ನಾನು ಬೇಯಿಸಿ ಹಾಕುತ್ತಿದ್ದೇನೆ ಎಂದರು. ಎಲ್ಲರೂ ತನ್ನ ಮೇಲಿನ ಕನಿಕರಕ್ಕೆ ತಪ್ಪು ಹಲಗೆಯದು ಎನ್ನುತ್ತಾರೆ, ಹೊಂಗೆ ಹಚ್ಚುವ ಮುಂಚೆಯೇ ತನ್ನ ಕೈ ಕೆಟ್ಟಿತ್ತೋ ಏನೋ ಎನ್ನುತ್ತಾಳಂತೆ. "ನೀನು ಹಚ್ಚಿದ್ದು ಹಲಗೆಗೆ ಕಣಪ್ಪ, ಅದು ಇಳಿದಿರೋದು ಇವಳ ಮನಸ್ಸಿಗೆ," ಎಂದರು ಆ ಮುದುಕಿ.

ಹೊಸ ಮೇಜಿನಿಂದ ಉಳಿದಿದ್ದ ಸಾಗುವಾನಿ ತುಂಡಿನಲ್ಲಿ ಒಂದು ಚಪಾತಿ ಮಣೆ ಮಾಡಿದೆ. ಅದಕ್ಕೂ ಅದೇ ಎಣ್ಣೆ, ಅಷ್ಟೇ ಸಲ. ಚೆನ್ನಾಗಿ ಒಣಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಸಿದ್ದಮ್ಮನವರ ಮನೆಗೆ ತೆಗೆದುಕೊಂಡು ಹೋದೆ. ಮೊದಲು ಮಣೆ ತಿರುಗಿಸಿ ಅಡಿಯನ್ನು ತೋರಿಸಿದೆ. ಮೂಸಿ ನೋಡಿ ಎಂದೆ. ಮೂಸಿದರು. ಒಂದು, ಒಂದೇ ಒಂದು ಚಪಾತಿ ಮಾಡಿ ಅಕ್ಕ, ನಾನು ತಿಂದು ಹೋಗ್ತೀನಿ, ಕಹಿ ಇದ್ದರೆ ಈ ಜನ್ಮದಲ್ಲಿ ಅಡುಗೆಮನೆಯ ಮರ ಮುಟ್ಟುವುದಿಲ್ಲ ಎಂದು ಕೂತುಬಿಟ್ಟೆ. ಕೊನೆಗೆ, ಮನೆಗೆ ಬಂದವನನ್ನು ಹಾಗೇ ಕಳಿಸಬಾರದೆಂದೋ ಏನೋ, ಹಿಟ್ಟಿನ ಡಬ್ಬಿ ತೆಗೆದರು.

ಮೊದಲನೆಯದು ಸೊಟ್ಟಗಾಯಿತು. ಬೇಯಿಸಿ ತಟ್ಟೆಗೆ ಹಾಕಿ ನನ್ನ ಮುಂದಿಟ್ಟು, ಒಲೆಯ ಕಡೆ ಮುಖ ಮಾಡಿಕೊಂಡರು. ಅತ್ತೆ ನನ್ನ ಬಾಯಿಯನ್ನೇ ನೋಡುತ್ತಾ ಕೂತರು. ಏನು ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದೆ. ತುಂಬ ಚೆನ್ನಾಗಿದೆ ಅಕ್ಕ, ಇಂಥ ಚಪಾತಿ ಎಲ್ಲೂ ತಿಂದಿಲ್ಲ ಎನ್ನಬೇಕು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಆದರೆ ರುಚಿಯ ವಿಷಯದಲ್ಲಿ ನನ್ನದು ಹಾಳು ಬಾಯಿ, ಇದ್ದದ್ದನ್ನು ಇದ್ದಂತೆಯೇ ಅಂದುಬಿಡುತ್ತದೆ.

"ಉಪ್ಪು ಕಮ್ಮಿ ಆಗಿದೆ ಅಕ್ಕ," ಎಂದೆ.

ಅತ್ತೆ ಹಣೆ ಬಡಿದುಕೊಂಡರು. ನನಗೂ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಸಿದ್ದಮ್ಮ ತಿರುಗಿ ನನ್ನನ್ನೇ ದಿಟ್ಟಿಸಿದರು. ಆ ಮನೆಗೆ ಬಂದು ಹೋದವರಲ್ಲಿ ಅವರನ್ನು ಸಮಾಧಾನ ಮಾಡದೆ ಮಾತಾಡಿದವನು ನಾನೊಬ್ಬನೇ ಇರಬೇಕು.

"ಉಪ್ಪು ಮಾತ್ರಾನಾ?" ಎಂದು ಕೇಳಿದರು.

"ಉಪ್ಪು ಮಾತ್ರ."

ಕಾವಲಿಯ ಮೇಲೆ ಎರಡನೆಯದು ಬೇಯುತ್ತಿತ್ತು. ಅದರ ಅಂಚು ಮುರಿದು, ಊದಿ, ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಹೌದು, ಕಮ್ಮಿ ಆಗಿದೆ," ಎಂದರು. ಉಪ್ಪಿನ ಮರಿಗೆಯನ್ನು ಎಳೆದುಕೊಂಡು, ಒಂದಿಷ್ಟು ನೀರಿಗೆ ಕದಡಿ, ಉಳಿದ ಹಿಟ್ಟಿಗೆ ಉಪ್ಪುನೀರು ಚಿಮುಕಿಸಿ, ಎರಡೂ ಕೈ ಹಾಕಿ ನಾದತೊಡಗಿದರು.